ಘಟ್ಟದ ಮೇಲಿನವರ ಕಡಲ ಕೋಟೆ

ಬಿಸಿಲು, ಮರಳು, ದ್ವೀಪ ಎಂದರೆ ಸೊರಬ, ಶಿಕಾರಿಪುರದವರಿಗೂ ಈಗ ಮೊದಲು ನೆನಪಾಗುವುದು ಅಂಡಮಾನ್ ಅಥವಾ ಮಾಲ್ಡೀವ್ಸ್. ಆದರೆ ಘಟ್ಟ ಇಳಿದರೆ ಸಿಗುವ ನಮ್ಮದೇ ದ್ವೀಪಗಳ ಚರಿತ್ರೆಯಲ್ಲಿ ಅರ್ಧದಷ್ಟು ಈ ಮಲೆನಾಡಿನದು. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಸುಮಾರು 1100ರ ಹೊತ್ತಿಗೆ ಎದ್ದ ಕೈಟಭೇಶ್ವರ ದೇವಾಲಯದ ಎದುರು ನಿಂತರೆ ಈ ಸೀಮೆ ಎಷ್ಟು ಸಂಪನ್ನವಾಗಿತ್ತೆಂದು ತಿಳಿಯುತ್ತದೆ. ಮುಂದೆ ಕೆಳದಿ ಅರಸರ ಕಾಲಕ್ಕೆ ಇಲ್ಲಿನ ಕಾಳುಮೆಣಸು, ಅಕ್ಕಿಗೆ ಹಡಗು ಬೇಕಾಯಿತು, ಹಡಗಿಗೆ ಬಂದರು. ಬಂದರುಗಳಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿ ಕುಳಿತಿದ್ದರು. 1650ರ ದಶಕದ ಮೊದಲರ್ಧದಲ್ಲಿ ಕೆಳದಿಯ ಶಿವಪ್ಪ ನಾಯಕ ಬಸರೂರು, ಗಂಗೊಳ್ಳಿ, ಹೊನ್ನಾವರಗಳನ್ನು ಅವರಿಂದ ಕಿತ್ತುಕೊಂಡ. ಹೊನ್ನಾವರದ ಎದುರಿನ ದ್ವೀಪದಲ್ಲಿರುವ ಬಸವರಾಜದುರ್ಗದ ಜಂಬಿಟ್ಟಿಗೆ ಗೋಡೆಗಳೂ ಕೆಳದಿಯವರವೇ. ಶರಾವತಿ ಕಡಲು ಸೇರುವ ಬಾಯಿಯ ಆಚೆಗೇ ಅದು ನಿಂತಿದೆ. ಆ ಬಾಯಿ ಯಾರ ಕೈಯಲ್ಲಿದೆಯೋ ಗೇರುಸೊಪ್ಪೆಯಿಂದ ಹೊಳೆಯ ಮೇಲೆ ಇಳಿದು ಬರುವ ಸರಕು ಅವರ ಕೈಯಲ್ಲಿ. ಆದ್ದರಿಂದ ಈ ಕರಾವಳಿಯನ್ನು ನೋಡುವ ಸರಿಯಾದ ದಾರಿ ಘಟ್ಟದ ಮೇಲಿನಿಂದಲೇ ಶುರುವಾಗಬೇಕು ಎನ್ನುತ್ತೇನೆ.

ದ್ವೀಪಕ್ಕೆ ಹೋಗುವುದು ನೀರಾಟಕ್ಕೆ, ರಾಜರ ಕಥೆ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನೀರಾಟ ಬೇಡವೆಂದು ಯಾರೂ ಹೇಳುತ್ತಿಲ್ಲ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಸ್ಕೂಬಾ ಕಟ್ಟಿಕೊಂಡು ಹವಳದ ಬಂಡೆಗಳ ನಡುವೆ ಮೀನು ನೋಡುವುದು ಅಪರೂಪದ ಸುಖ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಂತೆ ಎದ್ದು ನಿಂತ ಕಲ್ಲುಗಳಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ನಿಧಾನವಾಗಿ ಆರಿ, ಕುಗ್ಗಿ, ಕೋನಕೋನವಾಗಿ ಬಿರಿದದ್ದು ಅದು. ಇದನ್ನು ತಿಳಿದು ಆ ಕಲ್ಲಿನ ಮೇಲೆ ಕೂತರೆ ಆಟದ ಸುಖ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೋಟೆಯ ಮಾತೂ ಹಾಗೆಯೇ. ದೋಣಿ ಅಲೆಗೆ ಸಿಕ್ಕಿ ಹೊಯ್ದಾಡಿದಾಗ, ಇಂಥ ಜಾಗಕ್ಕೆ ಕಾವಲಿಟ್ಟವರು ಯಾಕೆ ಅಷ್ಟು ಕಷ್ಟಪಟ್ಟರೆಂಬುದು ಮೈಗೇ ತಿಳಿಯುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಹೀಗೆ ಹೊಗಳಿ ಜನ ಸೇರಿಸಿದರೆ ದ್ವೀಪ ಹಾಳಾಗುವುದಿಲ್ಲವೇ? ಆಗುತ್ತದೆ. ಹವಳ ತುಳಿತ ತಾಳುವುದಿಲ್ಲ, ಲಂಗರಿನ ಪೆಟ್ಟನ್ನೂ ತಾಳುವುದಿಲ್ಲ. ಹಾಗಾಗಿ ದಿನಕ್ಕೆ ಇಷ್ಟೇ ದೋಣಿ ಎಂಬ ಮಿತಿ ಇರಬೇಕು. ಬಸವರಾಜದುರ್ಗದಲ್ಲಿ ಅಂಗಡಿ, ರೆಸಾರ್ಟ್ ಬರಲೇಬಾರದು. ಅಲ್ಲಿಗೆ ಹೋಗುವ ಅನುಮತಿಯ ವಿಷಯ ಹೊನ್ನಾವರದಲ್ಲಿ ವಿಚಾರಿಸಿ, ಸಿಗದಿದ್ದರೆ ಕಾಸರಕೋಡಿನ ದಡದಿಂದ ನೋಡಿದರೂ ಸಾಕು. ಮಳೆಗಾಲದಲ್ಲಿ ಕಡಲು ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗದ್ದೆ ಕೊಯ್ಲು ಮುಗಿದ ಮೇಲೆ ಹೊರಡುವುದೇ ನಮ್ಮ ಕಡೆಯವರಿಗೆ ಒಳ್ಳೆಯದು.