ಹಂದಿಗೆ ಮೊದಲ ಬಾಣ ಯಾರದು?

ಮೊನ್ನೆ ಸಯನ್‌ನ ನಮ್ಮ ಮನೆಯಲ್ಲಿ ನಾನು ಮೊಬೈಲಿನಲ್ಲಿ ಕಿರಾತಾರ್ಜುನ ಯಕ್ಷಗಾನ ನೋಡುತ್ತಿದ್ದೆ. ಗ್ರೀಕ್ ಪುರಾಣ ಓದುತ್ತಿದ್ದ ಮಗಳು ತಲೆಯೆತ್ತಿದಳು: “ಅಪ್ಪಾ, ನಿನ್ನ ಕಥೆಯಲ್ಲೂ ಹಂದಿನಾ?”

ಅವಳ ಪುಸ್ತಕದಲ್ಲಿದ್ದವಳು ಆರ್ಟೆಮಿಸ್, ಬೇಟೆಯ ದೇವತೆ. ಮದುವೆ ಬೇಡವೆಂದು ಸಖಿಯರೊಡನೆ ಕಾಡು ಸೇರಿದವಳು. ಕೋಪವೋ, ಕೇಳಬೇಡಿ! ತಾನು ಸ್ನಾನ ಮಾಡುವುದನ್ನು ಕಂಡ ಆಕ್ಟಿಯಾನ್‌ನನ್ನು ಜಿಂಕೆ ಮಾಡಿದಳು. ಅವನ ನಾಯಿಗಳೇ ಅವನನ್ನು ಸಿಗಿದು ಹಾಕಿದವು. ಸಖಿ ಕ್ಯಾಲಿಸ್ಟೊ ಬಸಿರಾದಾಗ ಅವಳನ್ನೂ ಓಡಿಸಿದಳು. ಮೋಸ ಮಾಡಿದವನು ಜ್ಯೂಸ್, ಶಿಕ್ಷೆ ಇವಳಿಗೆ.

ಕ್ಯಾಲಿಡಾನ್‌ನ ರಾಜ ತನ್ನ ಪೂಜೆ ಮರೆತನೆಂದು ಅವನ ನಾಡಿಗೆ ದೈತ್ಯ ಹಂದಿಯೊಂದನ್ನು ಬಿಟ್ಟಳು. ಬೇಟೆಗೆ ಘಟಾನುಘಟಿ ವೀರರೇ ಬಂದಿದ್ದರೂ ಮೊದಲ ಬಾಣ ನಾಟಿಸಿದವಳು ಅಟಲಾಂಟಾ ಎಂಬ ಹುಡುಗಿ. ಹಂದಿಯನ್ನು ಕೊಂದ ರಾಜಕುಮಾರ ಮೆಲಿಯೇಗರ್ ಅದರ ಚರ್ಮವನ್ನು ಅವಳಿಗೇ ಕೊಟ್ಟ. ಹೆಣ್ಣಿಗೆ ಈ ಮರ್ಯಾದೆಯೇ ಎಂದು ಅವನ ಸೋದರಮಾವಂದಿರು ಕಿತ್ತುಕೊಂಡರು. ಅವನು ಅವರನ್ನು ಕೊಂದ. ಅಣ್ಣತಮ್ಮಂದಿರನ್ನು ಕಳೆದುಕೊಂಡ ತಾಯಿ ಮಗನ ಸಾವಿಗೇ ಕಾರಣಳಾದಳು.

ನಮ್ಮಲ್ಲೂ ಹಾಗೆಯೇ. ಹಂದಿಯಾಗಿ ಬಂದ ಮೂಕಾಸುರನಿಗೆ ಅರ್ಜುನನದೊಂದು, ಬೇಡನ ವೇಷದ ಶಿವನದೊಂದು ಬಾಣ. ಬೇಟೆ ಯಾರದೆಂದು ಜಗಳ. ಆದರೆ ಕೊನೆಗೆ ಸಿಕ್ಕಿದ್ದು ಪಾಶುಪತಾಸ್ತ್ರ.

“ಪಾರ್ವತಿಯೂ ಬೇಡತಿಯಾಗಿ ಬಂದಿದ್ದಳು. ವ್ಯಾಸರ ವನಪರ್ವದಲ್ಲಿ ಜೊತೆಗೆ ಸಾವಿರಾರು ಹೆಂಗಸರೂ ಇದ್ದಾರೆ” ಎಂದೆ, ಸ್ವಲ್ಪ ಜಂಬದಿಂದಲೇ.

“ಅವರು ಬಾಣ ಬಿಟ್ರಾ?”

“ಇಲ್ಲ.”

“ಅಷ್ಟು ಜನ ಬಂದೂ?”

ಮೊಬೈಲಿನಲ್ಲಿ ಕಿರಾತನ ಕುಣಿತ ಇನ್ನೂ ಮುಗಿದಿರಲಿಲ್ಲ. ಕಿರಾತಿ ಪಕ್ಕದಲ್ಲಿ ನಿಂತಿದ್ದಳು.