ಸಾಕ್ಷಿಯೋ, ಜಾಮೀನೋ?

ಇಂಗ್ಲೀಷು ಶಬ್ದಗಳನ್ನು ಅದಲುಬದಲಾಗಿ ಆಡುವವರನ್ನು ಕಂಡು ನಗುವುದು ವಿದ್ಯಾವಂತರೆನಿಸಿಕೊಂಡವರಲ್ಲಿ ಒಂದು ವಿನೋದವಾಗಿದೆ. ಆ ನಗೆಯಲ್ಲಿ ನಮಗೆ ಪಾಲು ಬೇಡ. ಶಬ್ದ ತಪ್ಪಿದುದರಿಂದ ಹೊಲಮನೆಗಳೇ ಹೋಗುವ ಪ್ರಸಂಗಗಳುಂಟೆಂಬುದನ್ನು ನಾವು ಬಲ್ಲೆವು.

ನಮಗೆ ಪರಿಚಿತರಾದ ರೈತರೊಬ್ಬರು ನೆರೆಯವನ ಸಾಲಪತ್ರಕ್ಕೆ ರುಜು ಹಾಕಿದರು. ಪತ್ರವು ಇಂಗ್ಲೀಷಿನಲ್ಲಿತ್ತು. ತಾವು ‘ವಿಟ್ನೆಸ್’ ಆಗಿ ರುಜು ಮಾಡುತ್ತಿರುವೆವೆಂದು ಅವರು ನಂಬಿದ್ದರು; ಅಲ್ಲಿ ಅಚ್ಚಾಗಿದ್ದುದು ‘ಗ್ಯಾರಂಟರ್’ ಎಂಬ ಶಬ್ದ. ನೆರೆಯವನು ಊರು ಬಿಟ್ಟನು. ನೋಟೀಸು ಇವರ ಬಾಗಿಲಿಗೆ ಬಂದಿತು. ‘ವಿಟ್ನೆಸ್’ ಎಂದರೆ ಸಾಕ್ಷಿ. ಈ ರುಜು ತನ್ನ ಕಣ್ಣೆದುರಿಗೆ ಆಯಿತೆಂದಷ್ಟೇ ಅವನು ಹೇಳುತ್ತಾನೆ. ‘ಗ್ಯಾರಂಟರ್’ ಎಂದರೆ ಜಾಮೀನುದಾರ; ಸಾಲಗಾರನು ತೀರಿಸದಿದ್ದರೆ ತಾನು ತೀರಿಸುವೆನೆಂದು ಅವನು ಮಾತು ಕೊಡುತ್ತಾನೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ವಿಧವಾಗಿ ಹೇಳಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು. ಒಂದು ಶಬ್ದದ ಅಂತರವು ಒಂದು ತೋಟದ ಬೆಲೆಯಾಯಿತು.

ಇಂತಹ ಗೊಂದಲಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಎರಡು ಭಾಷೆಗಳ ಸ್ವಭಾವಭೇದವೂ ಕಾರಣ. ಕನ್ನಡದಲ್ಲಿ ಕೊಡುವುದೂ ಸಾಲ, ತರುವುದೂ ಸಾಲ. ಭೇದವನ್ನು ಮುಂದಿನ ಕ್ರಿಯಾಪದವು ತೋರಿಸುತ್ತದೆ. ಇಂಗ್ಲೀಷಿನಲ್ಲಾದರೋ ಕೊಡುವುದು ‘ಲೆಂಡ್’, ಪಡೆಯುವುದು ‘ಬಾರೋ’. ‘ನಿಮ್ಮ ಪುಸ್ತಕವನ್ನು ಲೆಂಡ್ ಮಾಡಿಕೊಂಡೆನು’ ಎನ್ನುವ ಬಾಲಕನು ದಡ್ಡನಲ್ಲ. ಕನ್ನಡದ ಕಟ್ಟನ್ನು ಇಂಗ್ಲೀಷಿಗೂ ಒಯ್ದಿದ್ದಾನೆ.

ಉಪಸರ್ಗಗಳೂ ಮೋಸಮಾಡುವುದುಂಟು. ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು. ಆದುದರಿಂದ ಎಣ್ಣೆಯ ಲಾರಿಯ ಮೇಲೆ ಬರೆದ ‘ಇನ್‌ಫ್ಲ್ಯಾಮಬಲ್’ ಎಂಬುದು ಉರಿಯದ ವಸ್ತುವೆಂದು ಎಣಿಸಿ ಬೀಡಿ ಹಚ್ಚುವವನ ಗತಿಯೇನು? ಆ ಶಬ್ದಕ್ಕೆ ಸುಲಭವಾಗಿ ಹೊತ್ತಿಕೊಳ್ಳುವುದೆಂದೇ ಅರ್ಥ. ‘ಫ್ಲ್ಯಾಮಬಲ್’ ಎಂದರೂ ಅದೇ. ಸಂಸ್ಕೃತ ಬಲ್ಲವರಿಗೆ ಇದು ವಿಚಿತ್ರವಲ್ಲ. ‘ವಿಮಲ’ದಲ್ಲಿ ‘ವಿ’ ಎಂಬುದು ಮಲವಿಲ್ಲವೆನ್ನುತ್ತದೆ. ‘ವಿಖ್ಯಾತ’ದಲ್ಲಿ ಅದೇ ‘ವಿ’ ಖ್ಯಾತಿಯನ್ನು ಹೆಚ್ಚಿಸುತ್ತದೆ. ಲ್ಯಾಟಿನ್ ಮೂಲದ ‘ಇನ್’ ಕೂಡ ಹಾಗೆಯೇ ಎರಡು ಬಗೆಯದು.

ಪತ್ರಿಕೆಯವರಾದ ನಾವೂ ಈ ದೋಷಕ್ಕೆ ಹೊರತಲ್ಲ. ‘ಅಕ್ಯೂಸ್ಡ್’ ಎಂದರೆ ಆರೋಪಕ್ಕೆ ಗುರಿಯಾದವನು. ‘ಕನ್ವಿಕ್ಟ್’ ಎಂದರೆ ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿದವನು. ‘ಬೇಲ್’ ಪಡೆದವನ ಮೊಕದ್ದಮೆ ಇನ್ನೂ ಉಳಿದಿದೆ. ‘ಅಕ್ವಿಟಲ್’ ಪಡೆದವನು ಆರೋಪದಿಂದ ಖುಲಾಸೆಯಾದವನು. ಈ ಇಬ್ಬರಿಗೂ ‘ಬಿಡುಗಡೆ’ಯೆಂಬ ಒಂದೇ ತಲೆಬರಹ ಕೊಟ್ಟರೆ ಓದುವವರು ಏನೆಂದು ತಿಳಿಯಬೇಕು? ಅವಸರದಲ್ಲಿ ಆರೋಪಿಯನ್ನು ಅಪರಾಧಿಯೆಂದು ಅಚ್ಚುಹಾಕಿದ ಪಾಪ ನಮ್ಮ ಪುಟಗಳಿಗೂ ತಗಲಿದೆ. ಮರುದಿನದ ತಿದ್ದುಪಡಿಯನ್ನು ಕಂಡವರೆಷ್ಟು ಮಂದಿ? ಹೋದ ಮಾನ ತಿದ್ದುಪಡಿಯಿಂದ ಮರಳಲಿಲ್ಲ.

ಆರೋಪಿ, ಅಪರಾಧಿ, ಸಾಕ್ಷಿ, ಜಾಮೀನುದಾರ ಎಂಬ ಶಬ್ದಗಳನ್ನು ನಮ್ಮ ಹಳ್ಳಿಗರೂ ಬಲ್ಲರು; ಅವುಗಳ ಭೇದವನ್ನೂ ಬಲ್ಲರು. ಬಲ್ಲ ಶಬ್ದವನ್ನು ಬಿಟ್ಟು ಅರೆಬಲ್ಲ ಶಬ್ದವನ್ನು ಹಿಡಿದಾಗಲೇ ಕೇಡು ಬರುವುದು. ಇಂಗ್ಲೀಷನ್ನು ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸಾಲ ಕೊಡುವ ಸಂಸ್ಥೆಗಳು ಕನ್ನಡಿಗರ ಮುಂದಿಡುವ ಪತ್ರಗಳನ್ನು ಕನ್ನಡದಲ್ಲಿಯೂ ಅಚ್ಚುಹಾಕಿಸತಕ್ಕದ್ದು. ಅಲ್ಲಿಯವರೆಗೆ ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ರುಜು ಹಾಕುವ ಮುನ್ನ ‘ಇದನ್ನು ಕನ್ನಡದಲ್ಲಿ ಹೇಳಿರಿ’ ಎಂದು ಕೇಳಿರಿ. ಕೇಳುವುದಕ್ಕೆ ನಾಚಬೇಡಿರಿ. ಹೇಳಲಾರದವನ ಕಾಗದಕ್ಕೆ ರುಜು ಹಾಕಕೂಡದು.