ಏರ್‌ಬ್ರಶ್ ಕಂಪ್ರೆಸರ್‌ಗೆ ಟ್ಯಾಂಕ್ ಯಾಕೆ ಬೇಕು?

ಸ್ಕೇಲ್ ಮಾಡೆಲ್‌ಗಳಿಗೆ ಬಣ್ಣ ಹೊಡೆಯೋಕೆ ಅಂತ ಮೊದಲ ಸಲ ಏರ್‌ಬ್ರಶ್ ಕೊಳ್ಳಲು ಹೊರಟವರು ಒಂದು ಕಡೆ ಬಂದು ನಿಂತುಬಿಡ್ತಾರೆ. ಎರಡು ಕಂಪ್ರೆಸರ್, ಎರಡಕ್ಕೂ ಅದೇ ಮೋಟರ್. ಒಂದರ ಕೆಳಗೆ 3 ಲೀಟರಿನ ಉಕ್ಕಿನ ಟ್ಯಾಂಕ್ ಇದೆ, ಬೆಲೆ ಜಾಸ್ತಿ. ಒಂದು ಖಾಲಿ ಡಬ್ಬಕ್ಕೆ ಯಾಕಪ್ಪ ಅಷ್ಟು ದುಡ್ಡು?

ಉತ್ತರ ನಿಮ್ಮ ಅಪಾರ್ಟ್‌ಮೆಂಟಿನ ತಾರಸಿ ಮೇಲೇ ಇದೆ. ನಲ್ಲಿ ತಿರುಗಿಸಿದಾಗಲೆಲ್ಲ ಪಂಪ್ ಆನ್ ಆಗಲ್ಲ. ಅದು ಒಂದಷ್ಟು ಹೊತ್ತು ಓಡಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿ ಸುಮ್ಮನಾಗುತ್ತೆ. ನಲ್ಲಿಗೆ ಬರೋದು ಟ್ಯಾಂಕಿನ ನೀರು. ನಮ್ಮ ಸಾಫ್ಟ್‌ವೇರ್ ಮಂದಿ ಇದನ್ನೇ ಬಫರ್ ಅಂತೀವಿ.

ಹವ್ಯಾಸಿಗಳ ಸಣ್ಣ ಕಂಪ್ರೆಸರ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಒಂದೇ ಪಿಸ್ಟನ್. ಮೋಟರ್ ನಿಮಿಷಕ್ಕೆ 1,450 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 24 ಸಲ ಗಾಳಿಯನ್ನು ದೂಡುತ್ತೆ. ಅಂದ್ರೆ ಗಾಳಿ ಹರಿಯೋದಿಲ್ಲ, ಬಡಿಯುತ್ತೆ. ಕೈ ಸೆಕೆಂಡಿಗೆ 10 ಸೆಂಟಿಮೀಟರ್ ಸರಿದರೆ ಪ್ರತಿ 4 ಮಿಲಿಮೀಟರಿಗೆ ಒಂದು ಬಡಿತ. ಇಡೀ ರೆಕ್ಕೆಗೆ 20 ಪಿಎಸ್‌ಐನಲ್ಲಿ ಪ್ರೈಮರ್ ಹೊಡೆಯುವಾಗ ಇದು ಕಣ್ಣಿಗೆ ಬೀಳಲ್ಲ. ಒತ್ತಡವನ್ನು 10-12ಕ್ಕೆ ಇಳಿಸಿ, ಮೂತಿಯನ್ನು ಹತ್ತಿರ ತಂದು ತೆಳು ಗೆರೆ ಎಳೆಯೋಕೆ ಹೋದಾಗ ಗೆರೆ ಚುಕ್ಕಿ ಚುಕ್ಕಿಯಾಗೋಕೆ ಶುರು.

ಎರಡನೇ ಮಹಾಯುದ್ಧದ ಜರ್ಮನ್ ವಿಮಾನ ಫೋಕೆ-ವುಲ್ಫ್ 190 ಮಾಡೆಲ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದರ ಪಕ್ಕೆಯ ಮೇಲೆ ಮೋಡದಂಥ ಮಚ್ಚೆಗಳು, ಒಂದೊಂದನ್ನೂ ಉಸಿರು ಬಿಗಿಹಿಡಿದು ಹಾಕಬೇಕು. (ಅದರ ವಿನ್ಯಾಸಕಾರನ ಹೆಸರೇ ಕರ್ಟ್ ಟ್ಯಾಂಕ್! ಮುಂದೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು, 1961ರಲ್ಲಿ ಮೊದಲು ಹಾರಿದ ನಮ್ಮ ಮಾರುತ್ ವಿಮಾನ ರೂಪಿಸಿದವರೂ ಅವರೇ.) ನಡುವೆ ಟ್ಯಾಂಕ್ ಇದ್ದರೆ ಪಿಸ್ಟನ್ನಿನ ಬಡಿತ ಅದರೊಳಗೇ ಕರಗಿ ಹೋಗುತ್ತೆ, ರೆಗ್ಯುಲೇಟರ್‌ನಿಂದ ಹೊರಬರೋದು ಸಮನಾದ ಗಾಳಿ.

ಇನ್ನು ಸದ್ದಿನ ವಿಷಯ. ನಾನು ಮಾಡೆಲ್ ಹಿಡಿದು ಕೂರೋದು ಆಫೀಸಿನ ಕಾಲ್‌ಗಳೆಲ್ಲ ಮುಗಿದು ರಾತ್ರಿ 10 ದಾಟಿದ ಮೇಲೆ. ಕೆಳಗಿನ ಮನೆಯಲ್ಲಿ ಎಳೆಗೂಸು ಇದೆ. ಹಾಗಾಗಿ ಒಂದು ಸಣ್ಣ ಲೆಕ್ಕ ಹಾಕಿದೆ. ಟ್ಯಾಂಕಿನ ಒತ್ತಡ 4 ಬಾರ್ ತಲುಪಿದಾಗ ಮೋಟರ್ ನಿಲ್ಲುತ್ತೆ, 3ಕ್ಕೆ ಇಳಿದಾಗ ಮತ್ತೆ ಶುರುವಾಗುತ್ತೆ ಅಂತಿಟ್ಕೊಳ್ಳಿ. ಆ ಒಂದು ಬಾರ್ ಇಳಿತದಲ್ಲಿ 3 ಲೀಟರಿನ ಟ್ಯಾಂಕ್ ಸರಿಸುಮಾರು 3 ಲೀಟರ್ ಹೊರಗಾಳಿಯಷ್ಟು ಕೊಡುತ್ತೆ. ಬ್ರಶ್ ನಿಮಿಷಕ್ಕೆ 10 ಲೀಟರ್ ಬಳಸಿದರೆ 18 ಸೆಕೆಂಡ್ ನಿಶ್ಶಬ್ದ. ಕಂಪ್ರೆಸರ್ 20 ಲೀಟರ್ ಕೊಡುವಂಥದ್ದಾದರೆ ಮತ್ತೆ ತುಂಬೋಕೂ 18 ಸೆಕೆಂಡ್. ನಿರಂತರವಾಗಿ ಬಣ್ಣ ಹೊಡೆದರೂ ಮೋಟರಿಗೆ ಅರ್ಧ ಹೊತ್ತು ವಿಶ್ರಾಂತಿ. ನಾವು ಬ್ರಶ್ ತೊಳೆಯುತ್ತಾ, ಬಣ್ಣ ಕಲಸುತ್ತಾ ಇರೋ ಹೊತ್ತಿನಲ್ಲಂತೂ ಅದು ಓಡೋದೇ ಇಲ್ಲ.

ಹಾಗಾದ್ರೆ 6 ಲೀಟರಿನ ಟ್ಯಾಂಕ್ ತಗೊಂಡ್ರೆ ಮೋಟರ್ ಇನ್ನೂ ಕಮ್ಮಿ ಓಡುತ್ತಾ? ಇಲ್ಲ. 36 ಸೆಕೆಂಡ್ ಮೌನ, 36 ಸೆಕೆಂಡ್ ಸದ್ದು, ಒಟ್ಟು ಪ್ರಮಾಣ ಅಷ್ಟೇ. ಟ್ಯಾಂಕ್ ಗಾಳಿಯನ್ನು ಸೃಷ್ಟಿಸಲ್ಲ. ಮೋಟರ್ ಚಿಕ್ಕದಾಗಿದ್ದರೆ ಎಷ್ಟು ದೊಡ್ಡ ಟ್ಯಾಂಕ್ ಕಟ್ಟಿದರೂ ಉಪಯೋಗ ಅಷ್ಟಕ್ಕಷ್ಟೇ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಟ್ಯಾಂಕಿನ ಇನ್ನೊಂದು ಗುಣ ಗೊತ್ತಾಗುತ್ತೆ. ಒತ್ತಿದ ಗಾಳಿ ಬಿಸಿಯಾಗುತ್ತೆ, ತಣಿದಾಗ ಅದರಲ್ಲಿರೋ ತೇವ ನೀರಾಗುತ್ತೆ. 30 ಡಿಗ್ರಿ, 80% ತೇವಾಂಶ ಇರೋ ದಿನ ಮೇಲಿನ ಲೆಕ್ಕದಲ್ಲೇ ಒಂದು ಗಂಟೆ ಕೆಲಸ ಮಾಡಿದರೆ ಸುಮಾರು 10 ಮಿಲಿಲೀಟರ್, ಅಂದ್ರೆ ಎರಡು ಟೀ ಚಮಚ ನೀರು. ಟ್ಯಾಂಕ್ ಇಲ್ಲದಿದ್ದರೆ ಅದು ತಣಿಯೋದು ಪೈಪಿನಲ್ಲಿ, ಹನಿ ಬಂದು ಬೀಳೋದು ನೀವು ಮೂರು ವಾರ ಕೂತು ಜೋಡಿಸಿದ ಮಾಡೆಲ್ ಮೇಲೆ. ಟ್ಯಾಂಕ್ ಇದ್ದರೆ ಹೆಚ್ಚಿನ ಪಾಲು ಅದರ ತಳದಲ್ಲೇ ಉಳಿಯುತ್ತೆ. ಮಿಕ್ಕಿದ್ದಕ್ಕೆ ರೆಗ್ಯುಲೇಟರ್ ಹತ್ತಿರ ಮಾಯಿಶ್ಚರ್ ಟ್ರ್ಯಾಪ್ ಇದ್ದೇ ಇರಬೇಕು.

ಕೇಕ್ ಮೇಲೆ ಐದು ನಿಮಿಷ ಬಣ್ಣ ಹಾಕೋರಿಗೆ, ಬರೀ ಪ್ರೈಮರ್ ಹೊಡೆಯೋರಿಗೆ ಟ್ಯಾಂಕ್ ಇಲ್ಲದ್ದೇ ಸಾಕು. 3 ಮೀಟರ್ ಉದ್ದದ ಪೈಪ್ ಹಾಕಿದರೆ ಅದೇ ಬಡಿತವನ್ನು ಸ್ವಲ್ಪ ನುಂಗುತ್ತೆ. ದುಡ್ಡು ಉಳಿಸೋಕೆ ಅಂತ ಹಳೇ ಗ್ಯಾಸ್ ಸಿಲಿಂಡರನ್ನೋ ಅಗ್ನಿಶಾಮಕ ಡಬ್ಬವನ್ನೋ ಟ್ಯಾಂಕ್ ಮಾಡೋ ಐಡಿಯಾ ಯಾರಾದ್ರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಸೇಫ್ಟಿ ವಾಲ್ವ್ ಇಲ್ಲದ ಒತ್ತಡದ ಡಬ್ಬ ಮನೆಯಲ್ಲಿ ಇರಬಾರದು.

ಟ್ಯಾಂಕ್ ಕೊಂಡವರಿಗೆ ಒಂದೇ ಕೆಲಸ. ಪ್ರತಿ ಸಲ ಬಣ್ಣ ಹೊಡೆದಾದ ಮೇಲೆ ಸ್ವಿಚ್ ಆಫ್ ಮಾಡಿ, ಒತ್ತಡ ಚೂರೇ ಚೂರು ಉಳಿಯುವಷ್ಟು ಗಾಳಿ ಬಿಟ್ಟು, ತಳದ ತಿರುಪನ್ನು ನಿಧಾನಕ್ಕೆ ಸಡಿಲಿಸಿ, ಕೆಳಗೊಂದು ಹಳೇ ಬಟ್ಟೆ ಹಿಡಿಯಿರಿ. ನೀರು ತಿಳಿಯಾಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ತುಕ್ಕು ಶುರುವಾಗಿದೆ. ಬೆಸುಗೆ ಹಾಕಿಸಿ ಮತ್ತೆ ಬಳಸೋ ಯೋಚನೆ ಬಿಟ್ಟು ಟ್ಯಾಂಕನ್ನೇ ಬದಲಿಸಿ.